ಹದಿನಾಲ್ಕು ಪಾಯಿಂಟ್ ಆರು ಸೊನ್ನೆ

ಇಲ್ಲ, ನಾನು ಕೂರಲ್ಲ. ನೀನು ಕೂತ್ಕೋ ಮಂಚಯ್ಯ, ಆ ಬಾವಿಕಟ್ಟೆ ಮೇಲೇ ಕೂತ್ಕೋ. ನಾನು ನಿಂತೇ ಓದ್ತೀನಿ. ಕೇಳು. ಮೇ ತಿಂಗಳು, ಹದಿನಾಲ್ಕು ಪಾಯಿಂಟ್ ಆರು ಸೊನ್ನೆ. ಆಗಸ್ಟು, ಹದಿನಾಲ್ಕು ಪಾಯಿಂಟ್ ಆರು ಸೊನ್ನೆ. ನವೆಂಬರು, ಹದಿನಾಲ್ಕು ಪಾಯಿಂಟ್ ಆರು ಸೊನ್ನೆ. ಜನವರಿ... ಜನವರಿ ಎಷ್ಟು? ನೀನೇ ಬರೆದದ್ದಲ್ವಾ, ನೀನೇ ಹೇಳು! ...ಹೇಳಲ್ಲ. ಸರಿ, ಅದನ್ನೂ ನಾನೇ ಹೇಳ್ತೀನಿ. ಹದಿನಾಲ್ಕು ಪಾಯಿಂಟ್ ಆರು ಸೊನ್ನೆ!

ಯಾಕೆ ನಗ್ತೀಯ? ನಗೋ ವಿಷಯಾನಾ ಇದು? ...ನಗಲಿಲ್ವಾ? ಬಿಸಿಲಿಗೆ ಮುಖ ಕಿವುಚಿದ್ಯಾ? ಆಯ್ತು. ಈ ಕಡೆ ತಿರುಗಿ ಕೂತ್ಕೋ ಹಾಗಾದ್ರೆ. ನನ್ನ ಮುಖ ನೋಡು.

ಇಪ್ಪತ್ತಾರು ಸಲ. ಎಣಿಸಿದ್ದೀನಿ. ಎಂಟು ವರ್ಷದಲ್ಲಿ ಮೂವತ್ತೆರಡು ಸಲ ನೀನು ಈ ಬಾವಿಗೆ ಟೇಪು ಇಳಿಸಿದ್ದೀಯ, ಅದರಲ್ಲಿ ಇಪ್ಪತ್ತಾರು ಸಲ ನೀರು ಕಟ್ಟೆಯಿಂದ ಅಷ್ಟೇ ಮೀಟರು ಕೆಳಗೆ, ಒಂದೇ ಜಾಗದಲ್ಲಿ ನಿಂತಿದೆ. ಒಂದು ಕೂದಲೆಳೆ ಮೇಲಿಲ್ಲ, ಒಂದು ಕೂದಲೆಳೆ ಕೆಳಗಿಲ್ಲ. ನೀರೇನು ಕಚೇರಿ ಜವಾನನೇನಯ್ಯ, ನಿಲ್ಲು ಅಂದ ಕಡೆ ನಿಂತಿರೋಕೆ?

ನಿನ್ನೆ ನಾಗಮಂಗಲದಲ್ಲಿ ತುಂಬಿದ ಸಭೆ. ಬೆಂಗಳೂರಿಂದ ಬಂದಿದ್ದಾಳಲ್ಲ ಆ ಹುಡುಗಿ, ಅರ್ಪಿತ ಅಂತ, ಭೂವಿಜ್ಞಾನಿ, ಕೆಲಸಕ್ಕೆ ಸೇರಿ ಇನ್ನೂ ಮೂರು ವರ್ಷ ಆಗಿಲ್ಲ, ಅವಳು ಪರದೆ ಮೇಲೆ ನಿನ್ನ ಬಾವಿಯ ಗೆರೆ ಹಾಕಿ ತೋರಿಸಿದಳು. ನೆಟ್ಟಗೆ! ಮೇಜಿನ ಅಂಚಿನ ಥರ ನೆಟ್ಟಗೆ! ನಡುವೆ ಎಲ್ಲೋ ಒಂದು ಗುಬುಟು, ಮತ್ತೆ ನೆಟ್ಟಗೆ. 'ಸುರೇಂದ್ರ ಸರ್, ಈ ಬಾವಿ ಉಸಿರಾಡ್ತಿಲ್ಲ' ಅಂದಳು. ನನಗೆ! ಮೂವತ್ತೊಂದು ವರ್ಷ ಈ ಜಿಲ್ಲೆಯ ಅಂತರ್ಜಲ ಅಳೆದವನಿಗೆ! ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದರು. ನಾಳಿದ್ದು ಮೂವತ್ತೊಂದಕ್ಕೆ ನಿವೃತ್ತಿ ನನಗೆ, ಶಾಲು ಹಾರ ಎಲ್ಲಾ ತಂದಿಟ್ಟಿದ್ದಾರಂತೆ. ಆ ಶಾಲು ಹೊದ್ದುಕೊಂಡು ಯಾವ ಮುಖ ಇಟ್ಕೊಂಡು ಮನೆಗೆ ಹೋಗ್ಲಿ ನಾನು?

ಅವಳು ಹೇಳಿದ್ದು ಸರಿ, ಅದೇ ನನಗೆ ಉರಿ. ಬಾವಿ ಅಂದಮೇಲೆ ಉಸಿರಾಡಬೇಕು. ಮಳೆಗೆ ಏರಬೇಕು, ಬೇಸಗೆಗೆ ಇಳಿಬೇಕು. ಪಕ್ಕದ ತೋಟದಲ್ಲಿ ಮೋಟಾರು ಹಾಕಿದರೆ ಒಂದು ಗೇಣು ಕೆಳಗೆ ಹೋಗಬೇಕು, ಕರೆಂಟು ಹೋದರೆ ನಾಲ್ಕು ಬೆರಳು ಮೇಲೆ ಬರಬೇಕು. ಇದನ್ನ ನಿನಗೆ ಕಲಿಸಿದ್ದು ಯಾರು? ಇದೇ ಜಾಗದಲ್ಲಿ, ಈ ಕಟ್ಟೆ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, 'ಮಂಚಯ್ಯ, ಈ ಗುರುತಿಂದ ಅಳಿಬೇಕು, ಒಂದು ಇಂಚು ಆಚೆ ಈಚೆ ಆಗಬಾರದು' ಅಂತ ಹೇಳಿದ್ದು ಯಾರು? ತುದೀಲಿ ಗುಂಡು ಕಟ್ಟಿರೋ ಟೇಪಿಗೆ ಸೀಮೆಸುಣ್ಣ ಹಚ್ಚೋದು, ಇಳಿಬಿಡೋದು, ಸುಣ್ಣ ಎಲ್ಲಿವರೆಗೆ ಒದ್ದೆ ಆಯ್ತೋ ಅಲ್ಲಿ ನೀರು. ಇಷ್ಟೇ ಅಲ್ವಾ ಕೆಲಸ? ವರ್ಷಕ್ಕೆ ನಾಲ್ಕು ದಿನ! ನಾಲ್ಕು ದಿನ ಮನೆ ಬಿಟ್ಟು ಇಲ್ಲಿಗೆ ಬರೋಕೆ ಆಗಲಿಲ್ವಾ ನಿನಗೆ?

ತಲೆ ಅಲ್ಲಾಡಿಸಬೇಡ. ಹೌದೋ ಅಲ್ವೋ ಬಾಯಲ್ಲಿ ಹೇಳು.

ನೀನು ಹಿಂಗಿರಲಿಲ್ಲ. ಅದೇ ನನಗೆ ಅರ್ಥ ಆಗದೆ ಇರೋದು. ನೆನಪಿದೆಯಾ, ನೀನು ಸೇರಿದ ಮೊದಲ ವರ್ಷ, ಒಂಬತ್ತು ಪಾಯಿಂಟ್ ನಾಲ್ಕು ಅಂತ ಬರೆದು ತಂದಿದ್ದೆ. ನಾನು ಪುಸ್ತಕ ವಾಪಸ್ ಎಸೆದೆ. 'ಸೊನ್ನೆ ಎಲ್ಲಿ?' ಅಂದೆ. ನೀನು, 'ಸಾ, ಸೊನ್ನೆಗೇನು ಬೆಲೆ ಸಾ, ಹಾಕುದ್ರೂ ಒಂದೇ ಬುಟ್ರೂ ಒಂದೇ' ಅಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸೊನ್ನೆ ಇದ್ದರೆ ಸೆಂಟಿಮೀಟರುವರೆಗೆ ನೋಡಿದ್ದೀಯ ಅಂತ ಅರ್ಥ. ಸೊನ್ನೆ ಇಲ್ಲದಿದ್ದರೆ ಅಂದಾಜಿಗೆ ಬರೆದಿದ್ದೀಯ ಅಂತ ಅರ್ಥ. ಹೋಗು, ಮತ್ತೆ ಅಳೆದುಕೊಂಡು ಬಾ ಅಂದೆ. ಬಸ್ಸಿರಲಿಲ್ಲ. ನಾಲ್ಕು ಮೈಲಿ ನಡೆದು ಹೋಗಿ, ನಾಲ್ಕು ಮೈಲಿ ನಡೆದು ಬಂದು, ಒಂಬತ್ತು ಪಾಯಿಂಟ್ ನಾಲ್ಕು ಸೊನ್ನೆ ಅಂತ ಬರೆದು ಕೊಟ್ಟೆ. ನೀರು ಅಷ್ಟೇ ಇತ್ತು! ಅವತ್ತು ನಾನು ನನ್ನ ಹೆಂಡತಿ ಹತ್ರ ಹೇಳಿದೆ, ಲಲಿತಾ, ಇಡೀ ಜಿಲ್ಲೆಗೆ ನನಗೆ ಒಬ್ಬ ಮನುಷ್ಯ ಸಿಕ್ಕಿದ ಅಂತ.

ಒಬ್ಬ ಮನುಷ್ಯ! ಥೂ.

...ಏನದು ಕೈಲಿ? ನೀರಾ? ಬೇಡ. ...ಸರಿ ಕೊಡು, ಬಾಯಿ ಒಣಗಿದೆ. ಇದೇನು, ಈ ಬಾಟ್ಲು? ಎದುರುಗಡೆ ಫ್ಯಾಕ್ಟರಿದಾ? ನೋಡು, ನೋಡು, ಅಚ್ಚು ಹಾಕಿದ್ದಾರೆ ಕೆಳಗೆ, ತಯಾರಾದ ಸ್ಥಳ ಆಲದಕೊಪ್ಪಲು, ನಾಗಮಂಗಲ ತಾಲ್ಲೂಕು. ನಿಮ್ಮೂರ ನೀರು ನಿಮ್ಮೂರಿಗೇ ಬಾಟ್ಲಲ್ಲಿ. ನಲ್ಲಿ ಬರೋದು ಯಾವಾಗ ಈಗ? ...ಕೈಯಲ್ಲಿ ತೋರಿಸು, ಸರಿಯಾಗಿ. ಎಂಟು ದಿನಕ್ಕೆ ಒಂದು ಸಲಾನಾ?

ತಗೋ, ಇಟ್ಕೋ. ಸಾಕು.

ಗೊತ್ತಾ ಮಂಚಯ್ಯ, ಈ ಫ್ಯಾಕ್ಟರಿ ಹೇಗೆ ಬಂತು ಅಂತ? ಗೊತ್ತಿಲ್ಲ ಅಂತ ನಟಿಸಬೇಡ. ನಿನ್ನ ಅಂಕಿಯಿಂದ ಬಂತು. ಸುತ್ತ ಹದಿನೇಳು ಹಳ್ಳಿಗೆ ನಮಗಿರೋದು ಇದೊಂದೇ ಬಾವಿ, ಇದೊಂದೇ ಕಣ್ಣು. ಎಷ್ಟು ನೀರು ನೆಲಕ್ಕೆ ಇಳಿತು, ಎಷ್ಟು ನೀರು ಬೋರಲ್ಲಿ ಮೇಲೆ ಬಂತು, ಬಾವಿಯ ಮಟ್ಟ ವರ್ಷದಿಂದ ವರ್ಷಕ್ಕೆ ಕುಸಿತಿದೆಯೋ ನಿಂತಿದೆಯೋ, ಇಷ್ಟು ನೋಡಿ ನಾವು ಕೊನೆಗೆ ಒಂದು ಪದ ಬರೀತೀವಿ. ಸುರಕ್ಷಿತ. ಇಲ್ಲಾಂದ್ರೆ, ಅತಿ ಬಳಕೆ. ಒಂದೇ ಒಂದು ಪದ. ನಿನ್ನ ಗೆರೆ ನೆಟ್ಟಗಿತ್ತು. ಕುಸಿತ ಇಲ್ಲ ಅಂತ ಆಯ್ತು. ಸುರಕ್ಷಿತ ಅಂತ ಬರೆದೆವು. ಸುರಕ್ಷಿತ ಅಂದಮೇಲೆ ಅವರಿಗೆ ಬೇಡ ಅನ್ನೋಕೆ ಯಾರಿಗೆ ಆಗ್ತದೆ? ಮೂರು ಬೋರು, ಒಂದೊಂದೂ ಒಂಬೈನೂರು ಅಡಿ. ಹಗಲು ರಾತ್ರಿ ಎಳೀತಾವೆ.

ಗ್ರಾಮಸಭೆ ನೆನಪಿದೆಯಾ? ಅರಳಿಕಟ್ಟೆ ಹತ್ರ. ನಾನೇ ನಿಂತು ಹೇಳಿದೆನಲ್ಲ ಮೈಕಲ್ಲಿ, 'ನಾನು ಹೇಳ್ತಿಲ್ಲ, ನಿಮ್ಮೂರಿನ ಮಂಚಯ್ಯನೇ ಅಳೆದಿರೋ ಅಂಕಿ ಹೇಳ್ತಿದೆ, ನಿಮ್ಮ ನೀರು ಎಲ್ಲಿಗೂ ಹೋಗಿಲ್ಲ' ಅಂತ. ಆ ಬೆಟ್ಟಮ್ಮ ಎದ್ದು ನಿಂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನೇರ ನಿನ್ನ ಹತ್ರ ಬಂದಳು. 'ಲೇ ಮಂಚ, ಬಾವಿ ಬತ್ತೋಗಿರದು ನನ್ ಹಸಕ್ಕೆ ಕಾಣ್ತದೆ, ನಿನ್ ಪುಸ್ತಕಕ್ಕೆ ಕಾಣಾಕಿಲ್ವೇನ್ಲಾ?' ಅಂದಳು. ನೀನು? ಅವತ್ತೂ ಹಿಂಗೇ ಕೂತಿದ್ದೆ, ಬಾಯಿಗೆ ಬೀಗ ಹಾಕ್ಕೊಂಡು, ನನ್ನ ಕಡೆ ನೋಡ್ತಾ. ನಾನು ಏನಂದುಕೊಂಡೆ ಗೊತ್ತಾ? ಪಾಪ, ನಮ್ಮ ಮನುಷ್ಯ, ಇಲಾಖೆ ಮಾನ ಕಾಪಾಡ್ತಿದ್ದಾನೆ ಅಂದುಕೊಂಡೆ.

ಈಗ ನಿನ್ನ ಜೊತೆ ಯಾರೂ ಕೂತು ಬೀಡಿ ಸೇದಲ್ಲ ಅಂತೆ. ಮಂಚಯ್ಯ ಮಾರ್ಕೊಂಡ ಅಂತಾರಂತೆ. ಡೈರಿಗೆ ಹಾಲು ಹಾಕೋಕೆ ಹೋದ್ರೆ, 'ಅಳತೆ ಸರಿಯಾಗಿ ಮಾಡಪ್ಪ, ನೀನು ಅಳಿಯೋದ್ರಲ್ಲಿ ಗಟ್ಟಿಗ' ಅಂತ ಕುಟುಕ್ತಾರಂತೆ. ರಂಗಸ್ವಾಮಿ ಹೇಳಿದ, ನಮ್ಮ ಜೀಪ್ ಡ್ರೈವರ್. ನನಗೂ ಬೇಜಾರಾಯ್ತು, ಇಲ್ಲ ಅನ್ನಲ್ಲ. ಆದ್ರೆ ಬೇಜಾರಿಂದ ಲೆಕ್ಕ ಸರಿಹೋಗಲ್ಲ.

ಅದಕ್ಕೇ ಈ ಹೇಳಿಕೆ ತಂದಿದ್ದೀನಿ. ಹನ್ನೆರಡು ಗಂಟೆಗೆ ಅರ್ಪಿತ ಇಲ್ಲಿಗೇ ಬರ್ತಾಳೆ, ಬಾವಿ ನೋಡೋಕೆ. ಅಷ್ಟರಲ್ಲಿ ಇದಕ್ಕೆ ನಿನ್ನ ಸಹಿ ಬೇಕು. ಓದ್ತೀನಿ, ಕೇಳು. ನಾನೇ ಕೂತು ಟೈಪ್ ಮಾಡಿದ್ದು, ಒಂದು ಕಾಗುಣಿತ ತಪ್ಪಿಲ್ಲ. 'ಆಲದಕೊಪ್ಪಲು ಗ್ರಾಮದ ವೀಕ್ಷಣಾ ಬಾವಿಯ ಮಾಪನಕಾರನಾದ ಮಂಚಯ್ಯ ಎಂಬ ನಾನು, ಮೇಲ್ಕಂಡ ಅವಧಿಯಲ್ಲಿ ಖುದ್ದಾಗಿ ಬಾವಿಗೆ ಹೋಗದೆ, ಮನೆಯಲ್ಲಿಯೇ ಕುಳಿತು, ಅಂದಾಜಿನ ಮೇಲೆ ಅಳತೆಗಳನ್ನು ನಮೂದಿಸಿರುತ್ತೇನೆ. ಈ ವಿಷಯವು ಮೇಲಧಿಕಾರಿಗಳ ಗಮನಕ್ಕೆ ಬಂದಿರುವುದಿಲ್ಲ.'

ಅಷ್ಟೇ. ಎರಡು ವಾಕ್ಯ.

ಯಾಕೆ ಹಂಗೆ ನೋಡ್ತೀಯ? ಎರಡನೇ ವಾಕ್ಯಾನಾ? ಅದು... ಅದು ಇರಬೇಕು. ಅದು ಪದ್ಧತಿ. ಯಾವ ಹೇಳಿಕೆಯಲ್ಲಾದ್ರೂ ಇರ್ತದೆ ಅದು.

ನಿನಗೇನೂ ಆಗಲ್ಲ ಮಂಚಯ್ಯ. ನೀನು ಕಾಯಂ ನೌಕರನಲ್ಲ, ನಿನ್ನ ಮೇಲೆ ಯಾರೂ ವಿಚಾರಣೆ ಮಾಡಲ್ಲ. ಟೇಪು ವಾಪಸ್ ಕೊಟ್ರೆ ಮುಗೀತು. ನಾನು ಇದರಲ್ಲಿ ಒಂದು ರೂಪಾಯಿ ಮುಟ್ಟಿದವನಲ್ಲ, ಅದು ನಿನಗೂ ಗೊತ್ತು, ಈ ಊರಿನ ನಾಯಿಗೂ ಗೊತ್ತು. ಪಾಂಡವಪುರದಲ್ಲಿ ನನ್ನ ಸ್ವಂತ ಭಾಮೈದನ ಬೋರಿಗೆ ಅನುಮತಿ ಬೇಡ ಅಂತ ಬರೆದವನು ನಾನು. ಎರಡು ವರ್ಷ ಅವನು ಮನೆಗೆ ಬರಲಿಲ್ಲ, ಲಲಿತಾ ಅತ್ತುಬಿಟ್ಟಳು. ನಿಯಮ ಅಂದ್ರೆ ನಿಯಮ ಅಂದೆ. ಅಂಥ ನನ್ನ ಮೇಲೆ ನಿವೃತ್ತಿಯ ಹೊತ್ತಲ್ಲಿ, ಮೂರು ವರ್ಷ ಸರ್ವಿಸಿನ ಹುಡುಗಿ... ನನ್ನ ಹೆಸರಯ್ಯ! ನನಗೆ ಇರೋದು ಅದೊಂದೇ!

...ಏನು? ಎದೆ ಮುಟ್ಟಿಕೊಂಡೆಯಲ್ಲ, ಏನದರ ಅರ್ಥ? ನಿನಗೂ ಹೆಸರಿದೆ ಅಂತಾನಾ?

ಇದೆ. ಇಲ್ಲ ಅಂದ್ನಾ? ಆದ್ರೆ ನಿನ್ನ ಹೆಸರು ಈ ಊರಲ್ಲಿ ಆಗಲೇ... ಬುಡು. ಬಿಡು ಅಂದೆ. ಸಹಿ ಹಾಕು. ಪೆನ್ನು ತಗೋ. ತಗೋ ಅಂತೀನಿ!

ತಗೊಂಡೆ, ಒಳ್ಳೇದು. ಈಗ ಹಾಕು. ...ಹಾಕಲ್ವಾ? ಸುಮ್ಮನೆ ಹಿಡ್ಕೊಂಡು ಕೂರೋಕೆ ಕೊಟ್ನಾ ಪೆನ್ನು?

ಸರಿ. ಹಾಗಾದ್ರೆ ಮೊದಲು ಆ ಚೀಲದಲ್ಲಿರೋ ಪುಸ್ತಕ ಕೊಡು. ನಿನ್ನ ಅಳತೆ ಪುಸ್ತಕಗಳು. ಹಳೇವೂ ತಾ ಅಂತ ಹೇಳಿ ಕಳಿಸಿದ್ದೆನಲ್ಲ, ತಂದಿದ್ದೀಯ ತಾನೇ? ಎಂಟು ವರ್ಷದ್ದೂ? ಕೊಡು ಇಲ್ಲಿ. ಅವು ಸರ್ಕಾರದ ಆಸ್ತಿ, ನಿನ್ನ ಮನೆ ಅಟ್ಟದ ಮೇಲೆ ಇರಬಾರದು. ನಾನು ಕಚೇರಿಗೆ ಒಯ್ದು ಭದ್ರವಾಗಿ... ಯಾಕೆ ಚೀಲ ಹಿಂದಕ್ಕೆ ಎಳ್ಕೋತೀಯ? ನಾನೇನು ಕಿತ್ಕೊಂಡು ಬಾವಿಗೆ ಎಸೀತೀನಾ?

ನಗಬೇಡ. ಈ ಸಲ ನಕ್ಕೆ ನೀನು. ನಾನು ನೋಡಿದೆ.

ಎಸೆದ್ರೂ ನೆನೆಯಲ್ಲ ಅಂತಾನಾ?

...

ಮಾತು ಬದಲಾಯಿಸಬೇಡ. ಅಂದ್ರೆ, ಮಾತಾಡಿಲ್ಲ ನೀನು, ಗೊತ್ತು. ನಿನ್ನ ಬಾಯಿ ಮುಚ್ಚಿದ್ರೂ ಮೂತಿ ಮಾತಾಡ್ತದೆ. ನಾನು ಕೇಳೋದು ಇಷ್ಟೇ. ನೀನು ಮನೇಲಿ ಕೂತು ಬರೆದೆ. ಒಪ್ಪಿಕೋ. ಸೋಮಾರಿತನಕ್ಕೆ ಬರೆದೆ. ಒಂದೇ ಅಂಕಿ, ಕಣ್ಣು ಮುಚ್ಚಿಕೊಂಡು. ಈ ಮೂರು ಹಾಳೆ ತುಂಬಾ ಅದೇ. ನೋಡು ಹದಿನೇಳರ ಮೇ, ಅಲ್ಲಿಂದ ಶುರು. ಹದಿನೆಂಟು ಇಡೀ ವರ್ಷ. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು ಆಗಸ್ಟಿನವರೆಗೆ. ನವೆಂಬರಲ್ಲಿ ಮಾತ್ರ ಹನ್ನೆರಡು ಪಾಯಿಂಟ್ ಎಂಟು ಐದು. ಇಪ್ಪತ್ತೆರಡರಲ್ಲಿ ಹನ್ನೊಂದು ಪಾಯಿಂಟ್ ಮೂರು ಐದು, ಹನ್ನೆರಡು ಪಾಯಿಂಟ್ ಒಂಬತ್ತು ಸೊನ್ನೆ, ಆಮೇಲೆ ಒಂಬತ್ತು ಪಾಯಿಂಟ್...

...ಕೆರೆ ಕೋಡಿ ಬಿದ್ದ ವರ್ಷ ಅದು. ಹೌದು. ಅವತ್ತು ಹೇಮಾವತಿ ಕಡೆಯಿಂದ ಬರೋ ದಾರಿಯೆಲ್ಲ ನೀರು ನಿಂತಿತ್ತು, ಜೀಪು ಹೂತುಹೋಗಿತ್ತು.

ಅಂದ್ರೆ ಆ ಆರು ಸಲ ನೀನು ಬಂದಿದ್ದೆ. ಬಂದು ಅಳೆದಿದ್ದೆ. ಸೆಂಟಿಮೀಟರುವರೆಗೆ ಅಳೆದಿದ್ದೆ. ಮನೇಲಿ ಕೂತವನಿಗೆ ಹನ್ನೊಂದು ಪಾಯಿಂಟ್ ಮೂರು ಐದು ಎಲ್ಲಿಂದ ಬರ್ತದೆ?

ಹಂಗೆ ನೋಡಬೇಡ ನನ್ನ. ನಾನೇ ಹೇಳ್ತಿದ್ದೀನಲ್ಲ. ಸರಿ, ಆ ಆರು ಸಲ ಬಂದೆ. ಮಳೆ ಬಂತು, ಬಾವೀಲಿ ನೀರು ಬಂತು ಅಂತ ಹುರುಪಾಗಿ ಬಂದೆ. ಉಳಿದ ಇಪ್ಪತ್ತಾರು ಸಲ ಬರಲಿಲ್ಲ. ಸರಿಯಾಯ್ತಾ? ಅದಕ್ಕೂ ಒಂದು ವಾಕ್ಯ ಸೇರಿಸ್ತೀನಿ ಬೇಕಾದ್ರೆ. ಆ ಅರ್ಪಿತ ಬುದ್ಧಿವಂತೆ, ಈ ಗುಬುಟು ಏನು ಅಂತ ಕೇಳೇ ಕೇಳ್ತಾಳೆ. ಅವಳು ಬಂದು ಮೊದಲು ಕೇಳೋದೇ ನಿನ್ನ ಪುಸ್ತಕ. ಹದಿನೇಳರ ಮೇ ಪುಟ ತೆಗಿ ಅಂತಾಳೆ. ತೆಗೆದ ಕೂಡ್ಲೆ ಕಾಣೋದು ಆ ಕೆಂಪು ಶಾಯಿ...

...

ಯಾವ ಕೆಂಪು ಶಾಯಿ?

ನಾನು ಕೆಂಪು ಶಾಯಿ ಅಂದ್ನಾ? ಅಂದಿಲ್ಲ. ಕಟ್ಟೆ ಮೇಲಿನ ಕೆಂಪು ಗುರುತು ಅಂದೆ. ಬಿಸಿಲಿಗೆ ನನಗೂ... ನಿಂತು ನಿಂತು ತಲೆ ಸುತ್ತುತಿದೆ. ಸ್ವಲ್ಪ ಜರುಗು, ಕೂತ್ಕೋತೀನಿ.

ಚೀಲ ಬಿಚ್ಚಬೇಡ. ಬೇಡ ಮಂಚಯ್ಯ. ನಾನು ನೋಡೋದು ಏನೂ ಇಲ್ಲ ಅದರಲ್ಲಿ. ...ಬೇಡ ಅಂದ್ನಲ್ಲ! ಯಾಕೆ ತೆಗೀತೀಯ? ಎಷ್ಟು ಜೋಪಾನ ಮಾಡಿದ್ದೀಯ, ಪ್ಲಾಸ್ಟಿಕ್ ಕವರ್ ಹಾಕಿ. ಇಲಿ ಕಡಿದಿರುತ್ತೆ ಅಂದುಕೊಂಡಿದ್ದೆ. ಇಲಿ ಕಡೀಬಾರದಿತ್ತಾ?

ಇದು ನಿನ್ನ ಅಕ್ಷರ. ಪೆನ್ಸಿಲು. 'ಬಾವಿ ಬತ್ತಿದೆ.' ದಿನಾಂಕ, ಇಪ್ಪತ್ತಾರು ಐದು ಎರಡು ಸಾವಿರದ ಹದಿನೇಳು. ಬೆಳಗ್ಗೆ ಒಂಬತ್ತೂವರೆ. 'ಬಾವಿ ಬತ್ತಿದೆ, ಗುಂಡು ತಳ ಮುಟ್ಟಿತು, ಸುಣ್ಣ ಒಣಗಿಯೇ ಬಂತು.' ಅದರ ಮೇಲೆ ಅಡ್ಡಗೆರೆ. ಕೆಂಪು ಗೆರೆ. ಪಕ್ಕದಲ್ಲಿ...

ಓದಬೇಕಾ? ನಿನಗೆ ಇಂಗ್ಲಿಷ್ ಬರಲ್ಲ. ಏನೋ ಆಡಳಿತದ ಟಿಪ್ಪಣಿ ಇದು, ಅಂಥಾದ್ದೇನಿಲ್ಲ. ...ಹೌದಾ? ಮಗಳ ಹೆಸರಾ ಇದು, ಕೆಳಗೆ ಪೆನ್ಸಿಲಲ್ಲಿ? ಹೇಮಶ್ರೀ? ಅವಳು ಕನ್ನಡದಲ್ಲಿ ಬರೆದಿದ್ದಾಳಾ ಅರ್ಥ? ಎಲ್ಲಿ. 'ಬತ್ತಿದೆ ಅನ್ನುವುದು ಅಳತೆಯಲ್ಲ. ಅಂಕಿ ಬರೆಯಿರಿ. ಎಸ್.' ಪರವಾಗಿಲ್ಲ, ಚೆನ್ನಾಗಿ ಓದಿಸಿದ್ದೀಯ ಮಗಳನ್ನ. ತಪ್ಪಿಲ್ಲ.

ಅದರಲ್ಲಿ ತಪ್ಪೇನಿದೆ ಹೇಳು! ಅಳತೆ ಕಾಲಮ್ಮಲ್ಲಿ ಪದ ಬರೆದ್ರೆ ಅದು ಅಳತೆನಾ? ಕಂಪ್ಯೂಟರು ಪದ ತಗೊಳಲ್ಲ, ಖಾಲಿ ಬಿಟ್ರೆ ತಗೊಳಲ್ಲ, ಅಂಕಿ ಬೇಕು ಅದಕ್ಕೆ. ನಾನು ಅಷ್ಟೇ ಹೇಳಿದ್ದು. ಯಾವ ಅಂಕಿ ಅಂತ ನಾನು ಹೇಳಿದ್ನಾ? ...ಹೇಳಿದ್ನಾ?

ಗುಂಡು ತಳ ಮುಟ್ಟಿದಾಗ ಟೇಪು ಎಷ್ಟು ತೋರಿಸ್ತು ಅಂತ ಕೇಳಿದೆ. ನೀನು ಹದಿನಾಲ್ಕೂವರೆ ಚಿಲ್ಲರೆ ಅಂದೆ. ಚಿಲ್ಲರೆ ಅಂದ್ರೆ ಎಷ್ಟು ಅಂದೆ. ಹದಿನಾಲ್ಕು ಪಾಯಿಂಟ್ ಆರು ಅಂದೆ. 'ಸೊನ್ನೆ?' ಅಂದೆ ನಾನು. ನೀನು ಬರೆದೆ.

ಅದು ನೀರಿನ ಅಳತೆಯಲ್ಲ. ಬಾವಿಯ ಅಳತೆ.

ಗೊತ್ತಿತ್ತು ನನಗೆ. ಗೊತ್ತಿಲ್ಲದೆ ಇರ್ತದಾ? ಮೊದಲ ವರ್ಷ ಓದೋ ಹುಡುಗರಿಗೂ ಗೊತ್ತಿರ್ತದೆ. ಬಾವಿ ಬತ್ತಿದ್ರೆ ಬತ್ತಿದೆ ಅಂತ ಬರೆದು, ಬೇರೆ ಕಡೆ ಆಳವಾಗಿ ಕೊರೆಸಿ, ಅಲ್ಲಿ ಅಳಿಬೇಕು. ನೀನು ಅದಕ್ಕೂ ಅರ್ಜಿ ಕೊಟ್ಟೆ, ಅಲ್ವಾ? ಆ ವರ್ಷದ ದಸರಾ ಹೊತ್ತಿಗೆ. 'ಸಾ, ಈ ಬಾವಿ ಸತ್ತೋಯ್ತು ಸಾ, ಬೇರೆ ಬಾವಿ ತೋರ್ಸಿ' ಅಂತ ಬಾಗಿಲಲ್ಲಿ ನಿಂತಿದ್ದೆ. ನಾಲೆ ಕಡೆಯವರಿಗೆ ಸತ್ತ ಬಾವಿ ಅಂದ್ರೆ ಗೊತ್ತಾಗಲ್ಲ ಅಂತ ಗೊಣಗಿದ್ದೆ, ನನಗೆ ಕೇಳಿಸ್ತು. ಪಾಂಡವಪುರದಲ್ಲಿ ನಾಲೆ ನೀರು ಕುಡಿದು ಬೆಳೆದವನೇ ನಾನು, ಅದಕ್ಕೇನೀಗ? ಮೈಸೂರಲ್ಲಿ ಪಾದ್ರಿಗಳ ಶಾಲೇಲಿ ಓದಿದೆ. ಅಲ್ಲಿ ಖಾಲಿ ಬಿಟ್ಟ ಪ್ರಶ್ನೆಗೆ ಒಂದು ಏಟು, ತಪ್ಪು ಉತ್ತರಕ್ಕೆ ಅರ್ಧ ಏಟು. ಏನಾದರೂ ಬರಿ, ಖಾಲಿ ಬಿಡಬೇಡ. ಅದು ಹೋಗಲ್ಲ ಕಣಯ್ಯ ಮೈಯಿಂದ.

ಇಪ್ಪತ್ತು ವರ್ಷ! ಇಪ್ಪತ್ತು ವರ್ಷ ನನ್ನ ಒಂದು ಬಾವಿಯ ದಾಖಲೆಯಲ್ಲೂ ಅಂಕಿ ತುಂಬೋ ಒಂದು ಮನೆಯೂ ಖಾಲಿ ಇಲ್ಲ. ಇಡೀ ರಾಜ್ಯದಲ್ಲಿ ಯಾವ ಜಿಲ್ಲೆಗೂ ಇಲ್ಲ ಆ ಹೆಮ್ಮೆ. ದೆಹಲಿಯಿಂದ ಬಂದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಪ್ರಶಸ್ತಿ ಪತ್ರ ಗೋಡೆ ಮೇಲಿದೆ, ನೀನೂ ನೋಡಿದ್ದೀಯ, ಮೊಳೆ ಹೊಡೆದದ್ದು ನೀನೇ. ಅದಾಗಿ ಐದು ತಿಂಗಳಿಗೆ ನೀನು ಬಂದು ಬತ್ತಿದೆ ಅಂತೀಯ. ಬತ್ತಿದೆ! ಒಂದು ಬತ್ತಿದೆ ಬಿದ್ದರೆ ಸಾಲು ಮುರೀತದೆ. ಒಂದು ಸಲ, ಒಂದೇ ಒಂದು ಸಲ, ಮಳೆ ಬಂದ್ರೆ ಸರಿಹೋಗ್ತದೆ ಅಂದುಕೊಂಡೆ. ಆಗಸ್ಟಿಗೆ ನೀರು ಬರ್ತದೆ, ಗೆರೆ ಮುಂದುವರೀತದೆ...

ಆಗಸ್ಟಿಗೂ ಬರಲಿಲ್ಲ. ನೀನು ಬಂದು ಬಾಗಿಲಲ್ಲಿ ನಿಂತೆ. ನಾನು ಫೈಲಿಂದ ತಲೆ ಎತ್ತಲಿಲ್ಲ. 'ಹೋದ ಸಲದ ಹಾಗೇ' ಅಂದೆ. ಅಷ್ಟೇ ಅಂದದ್ದು.

ಅದಕ್ಕೆ ಸುಳ್ಳು ಅಂತಾರಾ? ಹೇಳು. ತಳದವರೆಗೆ ನೀರಿಲ್ಲ ಅಂತ ತಾನೇ ಅರ್ಥ ಅದು? ಅರ್ಥ ಮಾಡ್ಕೊಂಡವರಿಗೆ ಅರ್ಥ ಆಗ್ತಿತ್ತು... ಯಾರಿಗೂ ಆಗಲಿಲ್ಲ. ಅವರು ನೋಡಿದ್ದು ನೆಟ್ಟಗಿರೋ ಗೆರೆ. ನಾನೂ ಅದನ್ನೇ ನೋಡಿದೆ ಕೊನೆಗೆ. ನೋಡ್ತಾ ನೋಡ್ತಾ ನನಗೂ ಅದು ನೀರು ಅಂತಲೇ ಅನ್ನಿಸ್ತು ಮಂಚಯ್ಯ, ನಿನ್ನಾಣೆಗೂ. ಮೈಕಲ್ಲಿ ಮಾತಾಡಿದಾಗ ನನ್ನ ಕಣ್ಣಿಗೆ ನೀರು ಕಾಣ್ತಿತ್ತು.

ನೀನಾದ್ರೂ ಹೇಳಬಹುದಿತ್ತಲ್ಲ! ಅರಳಿಕಟ್ಟೆ ಹತ್ರ, ಬೆಟ್ಟಮ್ಮ ಕೇಳಿದಾಗ, ಅಷ್ಟು ಜನರ ಮುಂದೆ! 'ಸಾಹೇಬರು ಹಿಂಗೆ ಬರಿ ಅಂದ್ರು' ಅಂತ ಒಂದು ಮಾತು! ಯಾಕೆ ಹೇಳಲಿಲ್ಲ? ಯಾಕ್ಲಾ ಹೇಳಲಿಲ್ಲ? ಲೇ, ಬಾಯಿ ಬುಡೋ!

...ಕ್ಷಮಿಸು. ಲೇ ಅನ್ನಬಾರದಿತ್ತು. ನಿನಗಿಂತ ಚಿಕ್ಕವನು ನಾನು.

ಎಲ್ಲಿಗೆ ಎದ್ದೆ? ಮನೆಗಾ? ಸಹಿ ಹಾಕದೆ ಹೋಗಬೇಡ, ಅವಳು ಬರೋ ಹೊತ್ತಾಯ್ತು. ...ಓ. ಟೇಪು ತೆಗೆದ್ಯಾ. ಇವತ್ತು ಇಪ್ಪತ್ತೊಂಬತ್ತು. ಮೇ ತಿಂಗಳ ಅಳತೆ ಬಾಕಿ ಇದೆ ಅಂತಾನಾ?

ಈಗ ಬೇಡ. ಅವಳು ಬಂದು ಹೋಗಲಿ, ಆಮೇಲೆ... ಮಂಚಯ್ಯ, ಹೇಳ್ತಿರೋದು ನಿನಗೇ. ಈಗ ಬೇಡ. ಬಾವಿ ಹೇಗಿದೆ ಅಂತ ಕಣ್ಣಿಗೇ ಕಾಣ್ತಿದೆಯಲ್ಲ. ಹುಣಸೆ ಎಲೆ ಬಿದ್ದಿದೆ ತಳದಲ್ಲಿ, ಯಾರದೋ ಚಪ್ಪಲಿ ಬಿದ್ದಿದೆ. ಇದಕ್ಕೆ ಸೀಮೆಸುಣ್ಣ ಹಚ್ಚಬೇಕಾ? ನಿಧಾನವಾಗಿ ಹಚ್ತೀಯಲ್ಲ... ನಾನು ಕಲಿಸಿದ ಹಾಗೇ, ಒಂದು ಮೀಟರು, ಎರಡೂ ಕಡೆ. ಕೆಂಪು ಗುರುತಿಗೇ ಇಟ್ಟೆ. ಒಂದು ಇಂಚು ಆಚೆ ಈಚೆ ಇಲ್ಲ.

ಸದ್ದು ಕೇಳಿಸ್ತು. ಗುಂಡು ತಳ ಮುಟ್ಟಿತು. ಕೇಳಿಸ್ತು ಅಂದೆ, ಸಾಕು, ಎಳಿ ಮೇಲಕ್ಕೆ.

ತೋರಿಸಬೇಡ ನನಗೆ. ಬೆಳ್ಳಗಿದೆ, ಗೊತ್ತು. ಪೂರ್ತಿ ಬೆಳ್ಳಗಿದೆ, ನನ್ನ ಅಂಗಿ ಹಾಗೆ. ಮುಖಕ್ಕೆ ಹಿಡೀಬೇಡ ಅಂದ್ನಲ್ಲ!

ಬರಿ. ಹೊಸ ಪುಟಾನಾ? ಬರಿ. ದಿನಾಂಕ ಹಾಕು. ಹೊತ್ತು, ಹನ್ನೊಂದು ಐವತ್ತು. ಈಗ ಅಳತೆ ಕಾಲಮ್ಮು. ಬರಿ. ...ಬರೀ ಮಂಚಯ್ಯ, ನಿನ್ನ ಕೆಲಸ ಅದು, ನಿನ್ನ ಪುಸ್ತಕ, ನಿನ್ನ ಕಣ್ಣಿಂದ ನೋಡಿದ್ದೀಯ. ಯಾಕೆ ಪೆನ್ನು ಎತ್ತಿ ಹಿಡ್ಕೊಂಡು ನಿಂತೆ?

ಅಲ್ಲಿ ಧೂಳು ಎದ್ದಿದೆ ನೋಡು, ಕೆರೆ ಏರಿ ಮೇಲೆ. ಅವಳ ಜೀಪೇ ಅದು. ಬೇಗ ಬರಿ.

ನನ್ನ ಬಾಯಿ ಯಾಕೆ ನೋಡ್ತೀಯ? ನನ್ನ ಕೇಳಬೇಡ. ನಾನು ಏನೂ ಹೇಳಲ್ಲ ಈ ಸಲ. ನಿನಗೇ ಗೊತ್ತಿದೆಯಲ್ಲ ಏನು ಬರೀಬೇಕು ಅಂತ, ಆ ಎರಡು ಪದ, ಅವತ್ತು ಬರೆದಿದ್ದೆಯಲ್ಲ ಪೆನ್ಸಿಲಲ್ಲಿ... ನಾನು ಹೇಳೋವರೆಗೂ ಬರೆಯಲ್ವಾ? ಜೀಪು ನಿಂತ್ರೂ, ಅವಳು ಇಳಿದು ಬಂದು ಮುಂದೆ ನಿಂತ್ರೂ, ಹಿಂಗೇ ಕಾಯ್ತಾ ಇರ್ತೀಯಾ ಪೆನ್ನು ಹಿಡ್ಕೊಂಡು?

ಮಂಚಯ್ಯ...

ಇಪ್ಪತ್ತೇಳನೇ ಸಲಾನೂ ನಾನೇ ಹೇಳಬೇಕಾ?